ಬಾಸ್ಟನ್‌ನಲ್ಲಿ ಇತಿಹಾಸದ ಸೆಮಿನಾರ್‌ಗೆ ಹೋಗುವವರಿಗೆ

ಬಾಸ್ಟನ್ ಸುತ್ತಮುತ್ತ ಇರುವವರಿಗೆ ಒಂದು ಸಲಹೆ. ಅಮೆರಿಕದ ಇತಿಹಾಸದಲ್ಲಿ ಆಸಕ್ತಿ ಇದ್ದರೆ ಬಾಯ್ಲ್‌ಸ್ಟನ್ ಸ್ಟ್ರೀಟ್‌ನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯ ಕಾರ್ಯಕ್ರಮಗಳ ಪಟ್ಟಿ ನೋಡುತ್ತಿರಿ. 1791ರಲ್ಲಿ ಶುರುವಾದ ಸಂಸ್ಥೆ ಇದು. ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಮತ್ತು ಅವರ ಹೆಂಡತಿ ಅಬಿಗೇಲ್ ಬರೆದುಕೊಂಡ ಸಾವಿರಕ್ಕೂ ಹೆಚ್ಚು ಪತ್ರಗಳು ಇಲ್ಲೇ ಇವೆ. ಹೊಸ ಕಾನೂನು ಮಾಡುವಾಗ ಹೆಂಗಸರನ್ನು ಮರೆಯಬೇಡಿ ಅಂತ 1776ರ ಮಾರ್ಚ್‌ನಲ್ಲಿ ಅಬಿಗೇಲ್ ಗಂಡನಿಗೆ ಬರೆದರಲ್ಲ, ಆ ಪತ್ರವೂ ಸೇರಿ.

ಇಲ್ಲಿ ಉಪನ್ಯಾಸ ಬೇರೆ, ಸೆಮಿನಾರ್ ಬೇರೆ. ಉಪನ್ಯಾಸಕ್ಕೆ ಮೊದಲೇ ಏನೂ ಓದಬೇಕಿಲ್ಲ, ಕೂತು ಕೇಳಿದರೆ ಸಾಕು. ಸೆಮಿನಾರ್ ಹಾಗಲ್ಲ. ಹೆಸರು ನೋಂದಾಯಿಸಿದವರಿಗೆ ಪ್ರಬಂಧವನ್ನು ಮೊದಲೇ ಕಳಿಸುತ್ತಾರೆ. ಅಲ್ಲಿ ಅದನ್ನು ಯಾರೂ ಓದಿ ಹೇಳುವುದಿಲ್ಲ. ಬರೆದವರು ನಾಲ್ಕು ಮಾತಾಡುತ್ತಾರೆ, ಇನ್ನೊಬ್ಬ ವಿದ್ವಾಂಸರು ಪ್ರತಿಕ್ರಿಯೆ ಕೊಡುತ್ತಾರೆ, ಆಮೇಲೆ ಪೂರ್ತಿ ಚರ್ಚೆ. ಓದದೆ ಹೋದರೆ ತಲೆಬುಡ ಗೊತ್ತಾಗಲ್ಲ. ಪೂರ್ತಿ ಓದಲು ಪುರುಸೊತ್ತು ಇಲ್ಲದಿದ್ದರೆ ಮೊದಲ ನಾಲ್ಕೈದು ಪುಟ, ಕೊನೆಯ ಭಾಗ, ಜೊತೆಗೆ ಅಡಿಟಿಪ್ಪಣಿ ನೋಡಿ. ಯಾವ ಪತ್ರ, ಯಾವ ದಿನಚರಿ ಆಧಾರ ಅಂತ ಅಡಿಟಿಪ್ಪಣಿಯಲ್ಲೇ ಸಿಗುತ್ತೆ. "ಈ ದಾಖಲೆ ಎಲ್ಲಿ ಸಿಕ್ಕಿತು?" ಅಂತ ಕೇಳಿ ನೋಡಿ, ಸಂಶೋಧಕರ ಮುಖ ಅರಳುತ್ತೆ. ನಮಗೆ ಇಲ್ಲಿನ ಶಾಲೆಗಳಲ್ಲಿ ಕಲಿಸುವ ಇತಿಹಾಸ ಗೊತ್ತಿಲ್ಲವಲ್ಲ ಅನ್ನುವ ಸಂಕೋಚ ಬೇಡ. ಸಾರ್ವಜನಿಕರಿಗೂ ಅಂತಲೇ ಇಟ್ಟಿರೋದು.

ಕಾರು ತರಬೇಡಿ, ಪಾರ್ಕಿಂಗ್ ಕಷ್ಟ. ಗ್ರೀನ್ ಲೈನ್ ರೈಲಿನಲ್ಲಿ ಹೈನ್ಸ್ ಸ್ಟೇಷನ್‌ಗೆ ಬಂದರೆ ನಡೆದೇ ಹೋಗಬಹುದು. ಕೆಲವು ಕಾರ್ಯಕ್ರಮ ಆನ್‌ಲೈನ್ ಕೂಡ ಇರುತ್ತೆ. ಆದರೆ ಇಲ್ಲಿನ ಸಂಜೆ ಐದು ಅಂದರೆ ಊರಲ್ಲಿ ನಡುರಾತ್ರಿ ಎರಡೂವರೆ, ಚಳಿಗಾಲದಲ್ಲಿ ಮೂರೂವರೆ! ಊರಿನವರು ಯೂಟ್ಯೂಬ್‌ನಲ್ಲಿ ಹಾಕುವ ಉಪನ್ಯಾಸಗಳನ್ನು ಹುಡುಕಿಕೊಳ್ಳೋದೇ ಒಳ್ಳೇದು.