ಶೇ 78 ಜನ ಹೂಂ ಅಂದರು, ಸರಿ. ಕೇಳಿದ್ದು ಏನನ್ನ?

ಭೂಮಿ ಬಿಸಿಯಾಗುತ್ತಿದೆ, ಸರ್ಕಾರ ಏನಾದರೂ ಮಾಡಬೇಕು ಅಂತ ಇಷ್ಟು ಪರ್ಸೆಂಟ್ ಜನ ಹೇಳಿದ್ದಾರೆ ಅನ್ನುವ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ವಾಟ್ಸಾಪ್‌ನಲ್ಲಿ ಯಾರೋ ಒಂದು ಬಣ್ಣದ ಚಾರ್ಟ್ ಕಳಿಸುತ್ತಾರೆ. ಅದಕ್ಕೊಂದು ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತೇವೆ. ಆ ಅಂಕಿ ಹುಟ್ಟುವ ಜಾಗದಲ್ಲಿ ನಾನು ಕೆಲಸ ಮಾಡಿದ್ದೇನೆ. ಹಾಗಾಗಿ ಅದನ್ನು ಓದುವುದು ಹೇಗೆ ಅಂತ ಒಂದಿಷ್ಟು ಹೇಳುತ್ತೇನೆ.

ಸಮೀಕ್ಷೆ ಕಂಪನಿಯೊಂದರಲ್ಲಿ ಫೋನ್ ಮಾಡಿ ಪ್ರಶ್ನೆ ಕೇಳುವುದು ನನ್ನ ಕೆಲಸವಾಗಿತ್ತು. ಕಿವಿಗೆ ಹೆಡ್‌ಫೋನ್, ಮುಂದೆ ಸ್ಕ್ರೀನ್. ಬಂದ ಪ್ರಶ್ನೆಯನ್ನು ಒಂದಕ್ಷರ ಬದಲಿಸದೆ ಓದಬೇಕು, ಸಿಕ್ಕ ಉತ್ತರಕ್ಕೆ ಒಂದು ನಂಬರ್ ಒತ್ತಬೇಕು. ಅಷ್ಟೇ. ಒಂದು ಸಲ ಹೀಗೊಂದು ಪ್ರಶ್ನೆ ಇತ್ತು: ಈ ವಿಷಯದಲ್ಲಿ ಸರ್ಕಾರ ಇನ್ನೂ ಜಾಸ್ತಿ ಮಾಡಬೇಕಾ, ಈಗ ಮಾಡುತ್ತಿರುವುದು ಸಾಕಾ, ಕಡಿಮೆ ಮಾಡಬೇಕಾ? ಹಾಸನದ ಕಡೆಯ ಒಬ್ಬ ಯಜಮಾನರು, "ಮಾಡ್ಲಿ ಬಿಡಿ ಮೇಡಂ, ಯಾರು ಬೇಡ ಅಂತಾರೆ?" ಅಂದರು. ಹಿಂದೆ ಟಿವಿ ಜೋರಾಗಿ ಕೇಳಿಸುತ್ತಿತ್ತು. ನಾನು 'ಜಾಸ್ತಿ' ಒತ್ತಿದೆ. ಆಮೇಲೆ ಸಿಕ್ಕವರು ಕೋಲಾರದ ರೈತರು. ಬೋರ್‌ವೆಲ್ ಬತ್ತಿ ಟೊಮೇಟೊ ಒಣಗಿತ್ತು. ಅವರು ನನಗೂ ಸರ್ಕಾರಕ್ಕೂ ಸೇರಿಸಿ ಚೆನ್ನಾಗಿ ಬೈದರು. ಅದಕ್ಕೂ 'ಜಾಸ್ತಿ'ಯನ್ನೇ ಒತ್ತಿದೆ. ಚಾರ್ಟ್‌ನಲ್ಲಿ ಇಬ್ಬರೂ ಒಂದೇ ಬಣ್ಣ.

ಈಗ ನಿಜವಾದ ಒಂದು ಅಂಕಿ ತೆಗೆದುಕೊಳ್ಳೋಣ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹವಾಮಾನ ತಂಡ ನಮ್ಮ ದೇಶದ ಸಮೀಕ್ಷೆ ಸಂಸ್ಥೆ ಸಿ-ವೋಟರ್ ಜೊತೆ ಸೇರಿ ಭಾರತದಲ್ಲಿ ಸಮೀಕ್ಷೆ ಮಾಡುತ್ತದೆ. 2023ರಲ್ಲಿ 2,178 ಜನರನ್ನು ಕೇಳಿದರು. ಶೇ 78 ಜನ ಭಾರತ ಸರ್ಕಾರ ಇನ್ನೂ ಜಾಸ್ತಿ ಮಾಡಬೇಕು ಅಂದರು. ಕೆಲಸ ಅಚ್ಚುಕಟ್ಟಾಗಿದೆ, ಅಂಕಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸುದ್ದಿಯಲ್ಲಿ ಅದು 'ಜನರ ಒತ್ತಾಯ' ಅಂತ ಬಂದರೆ, ಆ ಒತ್ತಾಯ ಎಲ್ಲಿಂದ ಬಂತು ಅಂತ ಹುಡುಕಬೇಕು. ನನ್ನ ಹಾಸನದ ಯಜಮಾನರಂಥವರು ಆ 78ರೊಳಗೆ ಎಷ್ಟಿದ್ದಾರೋ!

ಹುಡುಕುವುದು ಕಷ್ಟವಲ್ಲ. ಒಳ್ಳೆಯ ಸಂಸ್ಥೆಗಳು ವರದಿಯ ಪಿಡಿಎಫ್‌ನಲ್ಲಿ, ಚಾರ್ಟ್‌ನ ಕೆಳಗೋ ಕೊನೆಯ ಪುಟಗಳಲ್ಲೋ, ಕೇಳಿದ ಪ್ರಶ್ನೆಯನ್ನು ಹಾಗೇ ಅಚ್ಚು ಹಾಕಿರುತ್ತವೆ. ಸಣ್ಣ ಅಕ್ಷರ, ಯಾರೂ ಓದುವುದಿಲ್ಲ. ನೀವು ಓದಿ. ಪ್ರಶ್ನೆಯ ಮಾತು ಏನು, ಕೊಟ್ಟ ಆಯ್ಕೆಗಳು ಯಾವುವು, ಅದಕ್ಕೆ ಮುಂಚೆ ಏನೇನು ಕೇಳಿದ್ದರು ಅಂತ ನೋಡಿ. ಬರ, ಬಿಸಿಗಾಳಿ, ಚಂಡಮಾರುತ ಅಂತ ಹತ್ತು ಪ್ರಶ್ನೆ ಕೇಳಿ ಕೊನೆಗೆ ಸರ್ಕಾರದ ಬಗ್ಗೆ ಕೇಳಿದರೆ ಉತ್ತರ ಸ್ವಲ್ಪ ಆ ಕಡೆಗೇ ವಾಲುತ್ತದೆ. 'ಗೊತ್ತಿಲ್ಲ' ಅನ್ನುವುದನ್ನು ಬಾಯಿಬಿಟ್ಟು ಓದಿದ್ದರಾ ಅಂತಲೂ ನೋಡಿ. ಫೋನಿನಲ್ಲಿ ಸಾಮಾನ್ಯವಾಗಿ ಓದುವುದಿಲ್ಲ. ತಾವಾಗಿ ಗೊತ್ತಿಲ್ಲ ಅಂದರೆ ಮಾತ್ರ ಬರೆದುಕೊಳ್ಳುತ್ತಾರೆ. ಗೊತ್ತಿಲ್ಲ ಅನ್ನಲು ಸಂಕೋಚಪಡುವವರೆಲ್ಲ ಯಾವುದೋ ಒಂದನ್ನು ಆರಿಸುತ್ತಾರೆ. "ನೀವೇ ಏನಾದ್ರೂ ಹಾಕ್ಕೊಳ್ಳಿ" ಅಂದವರನ್ನೂ ನಾನು ಕಂಡಿದ್ದೇನೆ.

ಇದೇ ಯೇಲ್ ತಂಡದ 2022ರ ವರದಿಯಲ್ಲಿ ಇನ್ನೊಂದು ಪಾಠವಿದೆ. ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಸ್ವಲ್ಪ ಮಾತ್ರ ಗೊತ್ತು, ಇಲ್ಲವೇ ಕೇಳಿಯೇ ಇಲ್ಲ ಅಂದವರು ಅರ್ಧಕ್ಕಿಂತ ಜಾಸ್ತಿ. ಆಮೇಲೆ ಅದು ಏನು ಅಂತ ಎರಡು ಮಾತಿನಲ್ಲಿ ವಿವರಿಸಿ, ಹೀಗೆ ಆಗುತ್ತಿದೆ ಅನ್ನಿಸುತ್ತಾ ಅಂತ ಕೇಳಿದರು. ಶೇ 84 ಜನ ಹೌದು ಅಂದರು. ಇದು ಮೋಸವಲ್ಲ. ವಿವರಿಸದೆ ಕೇಳಿದರೆ ಉತ್ತರಕ್ಕೆ ಅರ್ಥವೇ ಇರುತ್ತಿರಲಿಲ್ಲ. ಮಳೆ ತಪ್ಪಿದ್ದನ್ನು, ಬಿಸಿಲು ಏರಿದ್ದನ್ನು ಕಂಡವರಿಗೆ ವಿವರಣೆ ಕೇಳಿದ ಕೂಡಲೇ ಹೊಂದಿಕೆಯಾಗುವುದೂ ಸಹಜ. ಆದರೆ 'ಶೇ 84 ಭಾರತೀಯರಿಗೆ ತಾಪಮಾನ ಏರಿಕೆ ಗೊತ್ತು' ಅಂತ ಬರೆದರೆ ಅದು ತಪ್ಪು.

ಇನ್ನು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಪ್ರಶ್ನೆಯಲ್ಲಿ ಬೆಲೆ ಇತ್ತಾ? ಸರ್ಕಾರ ಜಾಸ್ತಿ ಮಾಡಲಿ ಅನ್ನುವುದಕ್ಕೆ ಕೈಯಿಂದ ಒಂದು ಪೈಸೆ ಬಿಚ್ಚಬೇಕಿಲ್ಲ. 2070ರ ಹೊತ್ತಿಗೆ ಇಂಗಾಲ ಮಾಲಿನ್ಯವನ್ನು ಹೆಚ್ಚು ಕಡಿಮೆ ಸೊನ್ನೆಗೆ ಇಳಿಸುತ್ತೇವೆ ಅಂತ ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿದೆಯಲ್ಲ, ಅದನ್ನು 2023ರ ಸಮೀಕ್ಷೆಯಲ್ಲಿ ಶೇ 86 ಜನ ಮೆಚ್ಚಿದರು. ಮೆಚ್ಚದೆ ಏನು? ಉತ್ತರ ಕೊಟ್ಟವರಲ್ಲಿ ಎಷ್ಟೋ ಜನ 2070ಕ್ಕೆ ಇರುವುದೇ ಇಲ್ಲ.

ಬೆಲೆ ಬಂದರೆ ಏನಾಗುತ್ತದೆ ಅಂತ ನೋಡಲು ಒಂದು ಒಳ್ಳೆಯ ಅಧ್ಯಯನವಿದೆ. ಅಮೆರಿಕದ ಸಮೀಕ್ಷೆ ಕಂಪನಿ ಗ್ಯಾಲಪ್‌ನವರ ವಿಶ್ವ ಸಮೀಕ್ಷೆಯ ಜೊತೆಗೆ 125 ದೇಶಗಳಲ್ಲಿ ಸುಮಾರು 1.3 ಲಕ್ಷ ಜನರನ್ನು ಕೇಳಿದ್ದು. 2024ರಲ್ಲಿ 'ನೇಚರ್ ಕ್ಲೈಮೇಟ್ ಚೇಂಜ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನಿಮ್ಮ ದೇಶದ ಸರ್ಕಾರ ಇನ್ನೂ ಜಾಸ್ತಿ ಮಾಡಬೇಕಾ? ಶೇ 89 ಹೌದು. ನಿಮ್ಮ ಮನೆ ಆದಾಯದಲ್ಲಿ ತಿಂಗಳಿಗೆ ಶೇ 1 ಕೊಡುತ್ತೀರಾ? ಶೇ 69 ಹೌದು. ಅದೇ ಸಮೀಕ್ಷೆ, ಅದೇ ಜನ. ಜೇಬಿನ ಮಾತು ಬಂದ ಕೂಡಲೇ ಇಪ್ಪತ್ತು ಪಾಯಿಂಟ್ ಇಳಿಯಿತು. ಆದರೂ 69 ಸಣ್ಣದಲ್ಲ, ಅಲ್ವಾ? ಇನ್ನೊಂದು ಪ್ರಶ್ನೆಯೂ ಇತ್ತು: ನಿಮ್ಮ ದೇಶದಲ್ಲಿ ಬೇರೆಯವರು ಎಷ್ಟು ಜನ ಕೊಡಬಹುದು? ಸರಾಸರಿ ಅಂದಾಜು ಶೇ 43. ಅಂದರೆ ನಾನಾದರೆ ಕೊಡುತ್ತೇನೆ, ಊರಿನವರು ಕೊಡುವುದಿಲ್ಲ ಅನ್ನುವ ಲೆಕ್ಕ. ಸಮೀಕ್ಷೆಗಳು ಸುಮ್ನೆ ಅನ್ನುವವರಿಗೆ ನಾನು ಈ ಅಂಕಿ ತೋರಿಸುತ್ತೇನೆ. ಪ್ರಶ್ನೆ ಚೆನ್ನಾಗಿದ್ದರೆ ಹೀಗೆ ಬೇರೆಲ್ಲೂ ಸಿಗದ ವಿಷಯ ಸಿಗುತ್ತದೆ.

ಫೋನಿನಲ್ಲಿ ಕೊಡುತ್ತೇನೆ ಅನ್ನುವುದಕ್ಕೂ ನಿಜವಾಗಿ ಕೊಡುವುದಕ್ಕೂ ನಡುವೆ ಎಷ್ಟು ದೂರ ಇರಬಹುದು ಅನ್ನುವುದಕ್ಕೆ ಸ್ವಿಟ್ಜರ್ಲೆಂಡ್ ನೋಡಿ. ಅಲ್ಲಿ ಕಾನೂನನ್ನೇ ಜನರ ಮತಕ್ಕೆ ಹಾಕುತ್ತಾರೆ. 2021ರ ಜೂನ್‌ನಲ್ಲಿ ಇಂಗಾಲದ ಡೈಆಕ್ಸೈಡ್ ಕಾನೂನು ಮತಕ್ಕೆ ಬಂತು. ಮುಂಚಿನ ಸಮೀಕ್ಷೆಗಳಲ್ಲಿ ಪರವಾಗಿದ್ದವರೇ ಜಾಸ್ತಿ. ಕಾನೂನಿನಲ್ಲಿ ಪೆಟ್ರೋಲ್ ಲೀಟರಿಗೆ ಇಷ್ಟು ದುಬಾರಿಯಾಗಬಹುದು, ವಿಮಾನದ ಟಿಕೆಟ್ ಮೇಲೆ 30ರಿಂದ 120 ಫ್ರಾಂಕ್ ಸುಂಕ ಅಂತ ಇತ್ತು. ವಿರೋಧಿಗಳು ಆ ಲೆಕ್ಕವನ್ನೇ ಹಿಡಿದು ಪ್ರಚಾರ ಮಾಡಿದರು. ಶೇ 51.6 ಜನ ಬೇಡ ಅಂದರು. ಎರಡು ವರ್ಷ ಬಿಟ್ಟು, 2023ರಲ್ಲಿ, ಇನ್ನೊಂದು ಹವಾಮಾನ ಕಾನೂನು ಬಂತು. ಅದರಲ್ಲಿ ಹೊಸ ತೆರಿಗೆ ಇರಲಿಲ್ಲ. ಹಳೆಯ ಹೀಟರ್ ಬದಲಿಸುವವರಿಗೆ ಸಹಾಯಧನ ಇತ್ತು. ಶೇ 59.1 ಜನ ಬೇಕು ಅಂದರು. ಎರಡು ವರ್ಷದಲ್ಲಿ ಆ ದೇಶದವರ ಮನಸ್ಸೇ ಬದಲಾಯಿತು ಅಂತ ನಾನು ಓದುವುದಿಲ್ಲ. ಬಿಲ್ ಯಾರ ಹೆಸರಿಗೆ ಅನ್ನುವುದು ಬದಲಾಗಿತ್ತು.

ಬೆಲೆಯ ಜೊತೆಗೆ ಸರದಿಯನ್ನೂ ನೋಡಬೇಕು. 2024ರ ಲೋಕಸಭಾ ಚುನಾವಣೆಗೆ ಮುಂಚೆ ಲೋಕನೀತಿ-ಸಿಎಸ್‌ಡಿಎಸ್ ಅನ್ನುವ ಚುನಾವಣಾ ಅಧ್ಯಯನ ಸಂಸ್ಥೆಯವರು ನಿಮಗೆ ಅತಿ ಮುಖ್ಯ ವಿಷಯ ಯಾವುದು ಅಂತ ಕೇಳಿದಾಗ ಶೇ 27 ಜನ ನಿರುದ್ಯೋಗ ಅಂದರು, ಶೇ 23 ಬೆಲೆ ಏರಿಕೆ ಅಂದರು. ಮೇಲಿನ ಸಾಲಿನಲ್ಲಿ ಹವಾಮಾನ ಎಲ್ಲೂ ಇರಲಿಲ್ಲ. ಒಂದೇ ವಿಷಯ ಇಟ್ಟುಕೊಂಡು ಬೇಕಾ ಅಂತ ಕೇಳುವುದು ಒಂದು, ಹತ್ತು ವಿಷಯದ ನಡುವೆ ಯಾವುದು ಮೊದಲು ಅಂತ ಕೇಳುವುದು ಇನ್ನೊಂದು. ಆದರೆ ಇದನ್ನೂ ಅತಿಯಾಗಿ ಓದಬೇಡಿ. ಕೋಲಾರದ ಆ ರೈತರನ್ನು ಮುಖ್ಯ ಸಮಸ್ಯೆ ಯಾವುದು ಅಂತ ಕೇಳಿದ್ದರೆ ಅವರು ನೀರು ಅನ್ನುತ್ತಿದ್ದರು, ಸಾಲ ಅನ್ನುತ್ತಿದ್ದರು. ಹವಾಮಾನ ಅನ್ನುತ್ತಿರಲಿಲ್ಲ.

ಯಾರನ್ನು ಕೇಳಿದರು ಅನ್ನುವ ಬಗ್ಗೆ ಎಲ್ಲರೂ ಹೇಳುತ್ತಾರೆ, ಹಾಗಾಗಿ ಚುಟುಕಾಗಿ ಮುಗಿಸುತ್ತೇನೆ. ಎರಡು ಸಾವಿರ ಜನ ಕಡಿಮೆಯಲ್ಲ. ಹೇಗೆ ಆರಿಸಿದರು ಅನ್ನುವುದೇ ಮುಖ್ಯ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ (ಯುಎನ್‌ಡಿಪಿ) 2021ರಲ್ಲಿ 50 ದೇಶಗಳ 12 ಲಕ್ಷ ಜನರ ಅಭಿಪ್ರಾಯ ಪ್ರಕಟಿಸಿತು. ಪ್ರಶ್ನೆ ಹೋಗಿದ್ದು ಮೊಬೈಲ್ ಗೇಮ್‌ಗಳಲ್ಲಿ ಜಾಹೀರಾತು ಬರುವ ಜಾಗದಲ್ಲಿ. ಆಮೇಲೆ ವಯಸ್ಸು, ಓದು ನೋಡಿ ಲೆಕ್ಕ ಸರಿದೂಗಿಸಿದರು. ಆದರೂ ಗೇಮ್ ಆಡದ ನಮ್ಮಜ್ಜಿ ಆ 12 ಲಕ್ಷದಲ್ಲಿ ಬರುವ ದಾರಿಯೇ ಇರಲಿಲ್ಲ. ಫೋನ್ ಸಮೀಕ್ಷೆಯಲ್ಲೂ ಇದೇ ಗೋಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ಸುಮಾರು ಶೇ 54. ಮನೆಯ ಹೆಂಗಸರನ್ನು ಮಾತಾಡಿಸಬೇಕು ಅಂದರೆ "ಏನಿದ್ರೂ ನನ್ನನ್ನೇ ಕೇಳಿ" ಅನ್ನುವ ಗಂಡಸರು ಎಷ್ಟೋ. ಸಿಕ್ಕ ಕೆಲವೇ ಹೆಂಗಸರ ಉತ್ತರಕ್ಕೆ ತೂಕ ಹೆಚ್ಚಿಸಿ ಲೆಕ್ಕ ಸರಿಮಾಡುತ್ತಾರೆ. ವರದಿಯಲ್ಲಿ ಆ ಸಾಲು ಇಲ್ಲದಿದ್ದರೆ ಅನುಮಾನ ಪಡಿ.

ಯಾವಾಗ ಕೇಳಿದರು ಅಂತಲೂ ನೋಡಿ. ಯೇಲ್ ತಂಡದ 2022ರ ವರದಿಯಲ್ಲಿ ಸರ್ಕಾರ ಇನ್ನೂ ಜಾಸ್ತಿ ಮಾಡಬೇಕು ಅಂದವರು ಶೇ 64, 2023ರದ್ದರಲ್ಲಿ ಶೇ 78. ಎಲ್ಲರನ್ನೂ ಕೇಳದೆ ಕೆಲವರನ್ನೇ ಕೇಳುವುದರಿಂದ ಅಂಕಿ ಆಚೀಚೆ ಆಗುವುದು ಎರಡೂ ಸಮೀಕ್ಷೆಗಳಲ್ಲಿ ಸುಮಾರು ಎರಡು ಪಾಯಿಂಟ್‌ನಷ್ಟೇ. ಹಾಗಾಗಿ ಹದಿನಾಲ್ಕು ಪಾಯಿಂಟ್ ಏರಿದ್ದು ಸುಮ್ನೆ ಅದೃಷ್ಟವಲ್ಲ. ಆದರೆ ಮೊದಲನೆಯದನ್ನು ಕೇಳಿದ್ದು 2021ರ ಅಕ್ಟೋಬರ್‌ನಿಂದ 2022ರ ಜನವರಿವರೆಗೆ. ಎರಡನೆಯದನ್ನು 2023ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಆ ವರ್ಷದ ಆಗಸ್ಟ್ 1901ರಿಂದ ಈಚೆಗಿನ ಅತಿ ಒಣ ಆಗಸ್ಟ್. ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ 195 ತಾಲ್ಲೂಕುಗಳಲ್ಲಿ ಬರ ಘೋಷಿಸಿತ್ತು. ಬರವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಎರಡೇ ಚುಕ್ಕಿ ಇಟ್ಟುಕೊಂಡು 'ಜನಾಭಿಪ್ರಾಯ ಏರುತ್ತಿದೆ' ಅಂತ ಗೆರೆ ಎಳೆಯುವ ಮುಂಚೆ ಕ್ಯಾಲೆಂಡರ್ ನೋಡಿ ಅನ್ನುತ್ತಿದ್ದೇನೆ.

ಕೊನೆಗೆ ನಮ್ಮ ರಾಜ್ಯದ ಮಾತು, ಏಕೆಂದರೆ 'ಕರ್ನಾಟಕದಲ್ಲಿ ಎಷ್ಟು?' ಅಂತ ಎಲ್ಲರೂ ಕೇಳುತ್ತಾರೆ. ದೇಶದ ಜನಸಂಖ್ಯೆಯಲ್ಲಿ ನಾವು ಸುಮಾರು ಶೇ 5. ಜನಸಂಖ್ಯೆಗೆ ತಕ್ಕಂತೆ ಹಂಚಿದರೆ ಯೇಲ್ ಸಮೀಕ್ಷೆಯ 2,178 ಜನರಲ್ಲಿ ನಮ್ಮವರು 110ರ ಆಸುಪಾಸು. ಅಷ್ಟು ಕಡಿಮೆ ಜನರಲ್ಲಿ ಅಂಕಿ ಒಂಬತ್ತು ಪಾಯಿಂಟ್ ಮೇಲೆ ಕೆಳಗೆ ಆಡುತ್ತದೆ. ಜಿಲ್ಲೆಗೆ ಇಳಿಸಿದರೆ ತಲಾ ಮೂರು ನಾಲ್ಕು ಜನ. ಆದರೂ ಜಿಲ್ಲಾವಾರು ಬಣ್ಣ ಬಳಿದ ನಕ್ಷೆಗಳು ಸಿಗುತ್ತವೆ. ಅವು ಸುಳ್ಳಲ್ಲ. ದೇಶದ ಉತ್ತರಗಳನ್ನು ಆಯಾ ಜಿಲ್ಲೆಯ ವಯಸ್ಸು, ಓದು, ಹಳ್ಳಿ-ಪಟ್ಟಣದ ಲೆಕ್ಕಕ್ಕೆ ಹೊಂದಿಸಿ ಮಾಡಿದ ಅಂದಾಜು ಅವು. ನಿಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನರನ್ನು ಕೇಳಿ ಬರೆದದ್ದಲ್ಲ. ಬೀದರ್‌ಗಿಂತ ಕೊಡಗು ನಾಲ್ಕು ಪಾಯಿಂಟ್ ಮುಂದೆ ಅಂತ ಯಾರಾದರೂ ಕಳಿಸಿದರೆ ಫಾರ್ವರ್ಡ್ ಮಾಡಬೇಡಿ.