‘ಇಷ್ಟ ದೂರ ಬಂದೀವಿ, ಅದನ್ನೂ ನೋಡಿಬಿಡೂಣು’

ಎರಡು ವರ್ಷದ ಹಿಂದಿನ ಮೇ ತಿಂಗಳು. ವಿಜಯಪುರದಿಂದ ಬೆಳಿಗ್ಗೆ ಐದಕ್ಕೆ ಬಾಡಿಗೆ ಕಾರು ಹತ್ತಿದೆವು. ಆಲಮಟ್ಟಿ, ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬಾದಾಮಿ, ರಾತ್ರಿ ಮತ್ತೆ ಮನೆ. ಹತ್ತಿರ ಹತ್ತಿರ 300 ಕಿಲೋಮೀಟರ್. ಎಲ್ಲಿ ಎಷ್ಟು ಹೊತ್ತು ಅಂತ ನಮ್ಮವರು ಚೀಟಿಯಲ್ಲಿ ಬರೆದುಕೊಂಡಿದ್ದರು. ಜತೆಗೆ ಅತ್ತೆ, ಏಳು ವರ್ಷದ ಮಗಳು, ಎರಡು ವರ್ಷದ ಮಗ.

ಕೂಡಲಸಂಗಮ ದಾಟುವಷ್ಟರಲ್ಲಿ ಮಗ ಎರಡು ಸಲ ವಾಂತಿ ಮಾಡಿದ. ಐಹೊಳೆಯ ದುರ್ಗ ಗುಡಿ ಮುಂದೆ ಕಲ್ಲು ಕಾದ ಹಂಚಿನಂತಿತ್ತು. ಚಪ್ಪಲಿ ಬಿಟ್ಟ ಮಗಳು ಕುಣಿಯುತ್ತಾ ವಾಪಸ್ ಓಡಿ ಬಂದಳು. ಪಟ್ಟದಕಲ್ಲಿನಲ್ಲಿ ಅತ್ತೆ ಕಾರಿನಿಂದ ಇಳಿಯಲೇ ಇಲ್ಲ. ಬಾದಾಮಿ ಮುಟ್ಟಿದಾಗ ಗುಹೆಗಳ ಗೇಟು ಹಾಕುವ ಹೊತ್ತು. ಕೆಳಗೆ ನಿಂತು ಒಂದು ಫೋಟೊ ತೆಗೆದು ಬಂದೆವು. ಅದರಲ್ಲಿ ಒಬ್ಬರ ಮುಖದಲ್ಲೂ ನಗು ಇಲ್ಲ.

ಆಮೇಲೆ ಕೂತು ಯೋಚಿಸಿದೆ. ಇಷ್ಟಕ್ಕೆಲ್ಲ ಕಾರಣ ಒಂದೇ ಮಾತು, ‘ಇಷ್ಟ ದೂರ ಬಂದೀವಿ, ಅದನ್ನೂ ನೋಡಿಬಿಡೂಣು’. ನಮ್ಮ ಕಡೆ ಯಾರ ಮನೆಯಲ್ಲಿ ಈ ಮಾತಿಲ್ಲ ಹೇಳಿ? ನಾನೂ ಅವತ್ತು ಎರಡು ಸಲ ಅಂದಿದ್ದೆ.

ಹೋದ ದಸರಾ ರಜೆಗೆ ಪ್ಲಾನು ನಾನೇ ಮಾಡಿದೆ. ಊರು ಒಂದೇ, ಬಾದಾಮಿ. ರಾತ್ರಿ ಎರಡು. ದಿನಕ್ಕೆ ಒಂದೇ ಜಾಗ, ಅದೂ ಊಟದೊಳಗೆ ಮುಗಿಯಬೇಕು. ಮಧ್ಯಾಹ್ನ ಎಲ್ಲರೂ ರೂಮಿನಲ್ಲಿ ಮಲಗಬೇಕು. ಸಂಜೆ ಏನು ಅಂತ ಸಂಜೆಗೇ ನೋಡಿದರಾಯಿತು. ಇದನ್ನು ಕೇಳಿ ನಮ್ಮವರು, ‘ಮಲಗಾಕ ಬಾದಾಮಿ ತನಕ ಹೋಗಬೇಕೇನ?’ ಅಂದರು. ಹೌದು ಅಂದೆ.

ಕಾರು ಬಿಟ್ಟು ಹುಬ್ಬಳ್ಳಿ ಕಡೆ ಹೋಗುವ ರೈಲು ಹಿಡಿದೆವು. ಮಕ್ಕಳಿದ್ದರೆ ರೈಲೇ ವಾಸಿ. ಓಡಾಡಬಹುದು, ಕಕ್ಕಸು ಇರುತ್ತದೆ, ವಾಂತಿಯೂ ಕಡಿಮೆ. ಐದು ವರ್ಷ ತುಂಬದ ಮಗನಿಗೆ ಟಿಕೆಟ್ಟೂ ಬೇಕಿಲ್ಲ. ಆಲಮಟ್ಟಿ ದಾಟಿ ರೈಲು ಕೃಷ್ಣೆಯ ಸೇತುವೆ ಹತ್ತಿದಾಗ ಅತ್ತೆ ಎಂದಿನಂತೆ ಹೊಳೆಗೆ ಒಂದು ರೂಪಾಯಿ ಒಗೆದರು. ಮಗನಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅದೇ. ಆಮೇಲೆ ಸಿಕ್ಕ ಪ್ರತಿ ಹಳ್ಳಕ್ಕೂ ರೂಪಾಯಿ ಬೇಕು ಅಂತ ಹಟ ಹಿಡಿದ.

ಒಂದು ತಿಳಿದಿರಲಿ, ಬಾದಾಮಿ ಸ್ಟೇಷನ್ ಊರಿನಿಂದ ಐದು ಕಿಲೋಮೀಟರ್ ದೂರ. ಆಟೊ ಹಿಡಿಯಬೇಕು. ರೂಮು ಗೊತ್ತು ಮಾಡುವಾಗ ಫೋನಿನಲ್ಲಿ ಮೂರೇ ಕೇಳಿದೆ: ಕೆಳಗಿನ ಮಹಡಿ ಸಿಗುತ್ತದಾ, ಬೆಳಿಗ್ಗೆ ಬಿಸಿನೀರು ಎಷ್ಟು ಹೊತ್ತಿಗೆ, ರಾತ್ರಿ ಮಕ್ಕಳಿಗೆ ಖಾರ ಹಾಕದೆ ಅನ್ನ ಮೊಸರು ಕೊಡುತ್ತೀರಾ. ಟಿವಿ, ವೈಫೈ ಕೇಳಲಿಲ್ಲ. ಊಟದ ಡಬ್ಬಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮಗನಿಗೆ ಬೆಲ್ಲ ತುಪ್ಪ ಹಾಕಿದ ಮಾದಲಿ. ಹೊಟ್ಟೆ ತುಂಬಿದ್ದರೆ ಅರ್ಧ ರಗಳೆ ಇರೋದಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಗುಹೆಗೆ ಹೋದೆವು. ಹದಿನೈದು ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲ. ಕೈಯಲ್ಲಿ ಚೀಲ, ತಿಂಡಿ ಏನೂ ಇಟ್ಟುಕೊಳ್ಳಬೇಡಿ, ಅಲ್ಲಿನ ಮಂಗಗಳು ನಮಗಿಂತ ಚುರುಕು. ಮೊದಲ ಗುಹೆಯ ನಟರಾಜನಿಗೆ ಎಷ್ಟು ಕೈ ಎಣಿಸು ಅಂತ ಮಗಳಿಗೆ ಹೇಳಿದೆ. ಹದಿನಾರು ಅಂದಳು. ತಮ್ಮ ಹತ್ತು ಅಂದ, ಅವನಿಗೆ ಅಲ್ಲಿತನಕ ಮಾತ್ರ ಬರುತ್ತದೆ. ಮೂರು ಸಲ ಎಣಿಸಿ ಹದಿನೆಂಟಕ್ಕೆ ಬಂದರು. ಅಲ್ಲಿಗೆ ಅರ್ಧ ಗಂಟೆ. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ ಅಂತ ನಮ್ಮವರು ಶುರು ಮಾಡಿದರು. ಮಕ್ಕಳು ಆಗಲೇ ಕೆಳಗಿನ ಕೆರೆ ನೋಡುತ್ತಿದ್ದರು. ಇಳಿದು ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂತೆವು. ಹೆಂಗಸರು ಬಟ್ಟೆ ಬಡಿಯುವ ಸಪ್ಪಳ ಎದುರಿನ ಬಂಡೆಗೆ ತಾಗಿ ವಾಪಸ್ ಬರುತ್ತಿತ್ತು. ಮಗಳು ತನ್ನ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ಅವತ್ತು ಶುಕ್ರವಾರ, ಮ್ಯೂಸಿಯಂ ಬಂದ್. ನಾನು ಅದನ್ನು ಮರೆತೇ ಬಿಟ್ಟಿದ್ದೆ. ನಿಜ ಹೇಳಬೇಕೆಂದರೆ ಒಳ್ಳೇದೇ ಆಯಿತು.

ಎರಡನೇ ದಿನ ಮಹಾಕೂಟ. ಅಲ್ಲಿನ ಪುಷ್ಕರಣಿಗೆ ಊಟೆಯ ನೀರು, ತಣ್ಣಗೆ ಇರುತ್ತದೆ. ಊರ ಹುಡುಗರು ಮೇಲಿನಿಂದ ದುಮುಕುತ್ತಿದ್ದರು. ನಮ್ಮ ಮಕ್ಕಳನ್ನು ಮೇಲಿನ ಮೆಟ್ಟಿಲಲ್ಲೇ ಕೂರಿಸಿ ಮಗನ ತೋಳು ನಾನು ಹಿಡಿದಿದ್ದೆ. ಅಲ್ಲಿ ಕಣ್ಣು ತಪ್ಪಿಸುವ ಹಾಗಿಲ್ಲ. ಎರಡು ಗಂಟೆ ಕಾಲು ಇಳಿಬಿಟ್ಟು ಕೂತೆವು. ಅತ್ತೆ ಸೀರೆ ಮೊಣಕಾಲ ತನಕ ಎತ್ತಿ ನೀರಿಗೆ ಕಾಲಿಟ್ಟು ಕೂತಿದ್ದರು, ಮಂಡಿನೋವಿನ ಮಾತೇ ಇಲ್ಲ. ಆಗ ನಮ್ಮವರಿಗೆ ತಡೆಯಲಾಗಲಿಲ್ಲ.

‘ಅವ್ವಾ, ಪಟ್ಟದಕಲ್ಲು ಇಲ್ಲೇ ಐತಿ. ಇಷ್ಟ ದೂರ ಬಂದೀವಿ...’

‘ಸಾವಿರದ ಮ್ಯಾಲ ವರ್ಷ ನಿಂತೈತಿ, ನಾಳಿಗೆ ಓಡಿ ಹೊಕ್ಕೈತೇನ? ಕುಂದರು ಸುಮ್ನ,’ ಅಂದರು ಅತ್ತೆ.

ಕೂತರು. ಸ್ವಲ್ಪ ಹೊತ್ತಿಗೆ ಪ್ಯಾಂಟು ಮಡಚಿ ಅವರೂ ಕಾಲು ಇಳಿಬಿಟ್ಟರು.

ಊಟ ಬನಶಂಕರಿಯಲ್ಲಿ. ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಅಮ್ಮಂದಿರ ಹತ್ತಿರ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಡಿಗೆ ಮೊಸರು. ನಮ್ಮ ಡಬ್ಬಿ ಹಾಗೇ ಉಳಿಯಿತು.

ಎಲ್ಲ ಸುಸೂತ್ರ ಅಂತೇನಿಲ್ಲ. ಮೊದಲ ಸಂಜೆ ಏನೂ ಕೆಲಸವಿಲ್ಲದೆ ಮಕ್ಕಳಿಬ್ಬರೂ ಜಗಳಾಡಿ ಅತ್ತರು. ಖರ್ಚೂ ಸ್ವಲ್ಪ ಜಾಸ್ತಿಯೇ, ಎರಡು ರಾತ್ರಿ ರೂಮಿನ ಬಾಡಿಗೆ ಇತ್ತಲ್ವಾ. ಮುಂದಿನ ಸಲ ಇಸ್ಪೀಟು ಒಯ್ಯಬೇಕು.

ಈಗ ನಮ್ಮವರ ಹೊಸ ಆಸೆ ಬನಶಂಕರಿ ಜಾತ್ರೆ. ಅದು ಬನದ ಹುಣ್ಣಿಮೆಗೆ, ಜನವರಿಯ ಹೊತ್ತಿಗೆ. ರಾತ್ರಿಯಿಡೀ ನಾಟಕ ನೋಡಬೇಕಂತೆ. ಆ ಗದ್ದಲಕ್ಕೆ ನಾಲ್ಕು ವರ್ಷದವನನ್ನು ಕಟ್ಟಿಕೊಂಡು ಹೋಗೋದು ಬೇಡ, ನೀವೊಬ್ಬರೇ ಹೋಗಿ ಬರ್ರಿ ಅಂದಿದ್ದೇನೆ. ಈ ಸಲ ಅತ್ತೆ ತಮ್ಮ ಮಗನ ಕಡೆ.