ಹಳೇ ಪೇಟೆಯ ಬೀದಿಯನ್ನು ನಡೆದೇ ನಕ್ಷೆ ಮಾಡುವುದು ಹೇಗೆ?

ಹಳೇ ಪೇಟೆಯ ರಸ್ತೆ ಅಗಲ ಮಾಡುತ್ತಾರಂತೆ ಎಂಬ ಸುದ್ದಿ ಬಂದಾಗೆಲ್ಲ ನನಗೆ ಸಂಕಟವಾಗುತ್ತದೆ. ಅಲ್ಲಿ ಏನೇನಿದೆ ಅಂತ ಬರೆದಿಟ್ಟವರೇ ಕಡಿಮೆ. ಮನೆ ನಕ್ಷೆ ಬರೆಯುವುದು ನನ್ನ ಕಸುಬು. ರಜೆ ಸಿಕ್ಕಾಗ ಬೆಂಗಳೂರಿನ ಪೇಟೆಯ ಬೀದಿಗಳನ್ನು ಬರೆಯುತ್ತೇನೆ. ಇದನ್ನು ನೀವೂ ಮಾಡಬಹುದು.

ಐದು ಮೀಟರ್ ಟೇಪು, ಗ್ರಾಫ್ ಹಾಳೆ, ಪೆನ್ಸಿಲ್ ಸಾಕು. ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಜೊತೆಗೊಬ್ಬರು ಬೇಕು.

ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕದಿಂದ ಶುರು ಮಾಡಿ. 1537ರಲ್ಲಿ ಕೆಂಪೇಗೌಡರು ಇಲ್ಲಿಂದಲೇ ನಾಲ್ಕು ದಿಕ್ಕಿಗೂ ಎತ್ತು ಹೂಡಿಸಿ ಬೀದಿಗಳ ಗೆರೆ ಎಳೆಸಿದರು ಅಂತ ಹೇಳುತ್ತಾರೆ. ಆ ದೊಡ್ಡಪೇಟೆಯೇ ಈಗಿನ ಅವೆನ್ಯೂ ರಸ್ತೆ. ಇಡೀ ಪೇಟೆಗೆ ಕೈ ಹಾಕಬೇಡಿ. ಇನ್ನೂರು ಹೆಜ್ಜೆಯಷ್ಟು ಬೀದಿ ಒಂದು ದಿನಕ್ಕೆ ಜಾಸ್ತಿಯೇ ಆಯಿತು.

ಹಾಳೆಯ ಮೇಲೆ ಮೊದಲು ಬೀದಿಯ ಹೆಸರು, ಅದರ ಪಕ್ಕ ಇವತ್ತಿನ ವ್ಯಾಪಾರ ಬರೆಯಿರಿ. ತರಗುಪೇಟೆಯಲ್ಲಿ ಈಗಲೂ ಧಾನ್ಯದ ಮೂಟೆ ಇಳಿಯುತ್ತದೆ. ಬಳೇಪೇಟೆಯಲ್ಲಿ ವೀಣೆ, ತಬಲ ಸಿಗುತ್ತದೆ. ಆಮೇಲೆ ಕರಗ ಹೋಗುವ ದಾರಿ ಯಾವುದು ಅಂತ ಅಂಗಡಿಯವರನ್ನು ಕೇಳಿ, ಕೆಂಪು ಪೆನ್ಸಿಲಿನಲ್ಲಿ ಎಳೆಯಿರಿ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ರಸ್ತೆ ಅಗಲ ಮಾಡುವಾಗ ಯಾವ ಮೂಲೆಯನ್ನು ಮುಟ್ಟಬಾರದು ಅಂತ ಆ ಗೆರೆಯೇ ಹೇಳುತ್ತದೆ.

ಇನ್ನು ಅಳತೆ. ಡಾಂಬರಿನ ಅಂಚಿಂದ ಅಂಚಿಗೆ ಅಳೆಯಬೇಡಿ, ಗೋಡೆಯಿಂದ ಗೋಡೆಗೆ ಅಳೆಯಿರಿ. ಜಗಲಿಯ ಎತ್ತರ, ಅಗಲ ಬೇರೆಯಾಗಿ ಗುರುತು ಹಾಕಿ. ಕತ್ತೆತ್ತಿ ನೋಡುವುದನ್ನೂ ಮರೆಯಬೇಡಿ. ಕೆಳಗೆಲ್ಲ ಶಟರ್ ಬಂದಿದ್ದರೂ ಮಹಡಿಯಲ್ಲಿ ಮರದ ಕಂಬ, ಮಂಗಳೂರು ಹೆಂಚು ಉಳಿದಿರುತ್ತವೆ.

ಅಹಮದಾಬಾದಿನ ಹಳೇ ಊರಲ್ಲಿ ಇದೇ ಕೆಲಸಕ್ಕೆ ಬಾಗಿಲಿನಿಂದ ಹೊರಡಬೇಕು. ಅಲ್ಲಿನ ಪೋಳ್ ಅಂದರೆ ದೊಡ್ಡ ಬಾಗಿಲು ಹಾಕಿಕೊಳ್ಳುವ ಓಣಿ. ನಮ್ಮ ಜಗಲಿಯಂಥದ್ದೇ ಓಟ್ಲೋ ಅಲ್ಲಿ ಮನೆ ಮುಂದಿರುತ್ತದೆ, ಹಕ್ಕಿಗೆ ಕಾಳು ಹಾಕುವ ಚಬೂತರೋ ಓಣಿಯ ಚೌಕದಲ್ಲಿರುತ್ತದೆ. ಎರಡನ್ನೂ ನಕ್ಷೆಗೆ ಹಾಕಿ.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು. ಒಂದೇ ಬೀದಿಗೆ ಎರಡು ಹೊತ್ತಲ್ಲಿ ಹೋಗಿ. ಮೊದಲ ಸಲ ನಾನು ಬೆಳಿಗ್ಗೆ ಹನ್ನೊಂದಕ್ಕೆ ಹೋಗಿದ್ದೆ. ಬೀಗ ಹಾಕಿದ ಹಳೇ ಮನೆಯೊಂದರ ಜಗಲಿಯನ್ನು ‘ಖಾಲಿ’ ಅಂತ ಬರೆದುಕೊಂಡು ಬಂದೆ. ಇನ್ನೊಂದು ದಿನ ಬೆಳಿಗ್ಗೆ ಆರು ಗಂಟೆಗೆ ಹೋದರೆ ಅದೇ ಜಗಲಿಯಲ್ಲಿ ಅಜ್ಜಿಯೊಬ್ಬರು ಸೇವಂತಿಗೆ ಕಟ್ಟುತ್ತಾ ಕೂತಿದ್ದರು. ಬಾಳೆನಾರು ನೆನೆಸಿದ ಡಬ್ಬಿ ಪಕ್ಕದಲ್ಲಿತ್ತು. ಆಚೆ ತುದಿಯಲ್ಲಿ ಇಬ್ಬರು ಹಮಾಲರು ಮೂಟೆ ಇಳಿಸಿ ಟೀ ಕುಡಿಯುತ್ತಿದ್ದರು. ‘ಎಷ್ಟು ವರ್ಷದಿಂದ ಇಲ್ಲಿ ಕೂರ್ತೀರಮ್ಮಾ?’ ಅಂದೆ. ‘ನಮ್ಮ ಅತ್ತೆ ಕೂರ್ತಿದ್ದ ಜಾಗ ಕಣಮ್ಮ’ ಅಂದರು. ಅಲ್ಲೇ ನಿಂತು ‘ಖಾಲಿ’ ಅಳಿಸಿ, ‘ಹೂವಿನ ಜಗಲಿ, ಬೆಳಗಿನ ಆರು’ ಅಂತ ಬರೆದೆ.